ಕಾಗೆ ಮುಖ ಮರೆಯುವುದಿಲ್ಲವಂತೆ

“ಮಾಮಾ, ಕಾಗಿ ಮನಷ್ಯಾರ ಮಾರಿ ಮರಿಯಂಗಿಲ್ಲಂತ!”

ಹೀಗೆ ಅಂದದ್ದು ನನ್ನ ತಂಗಿಯ ಮಗಳು ಪಲ್ಲವಿ. ಕಳೆದ ಬುಧವಾರ ಸಂಜೆ, ಎಲ್ಲರೂ ಊಟಕ್ಕೆ ಕುಳಿತಿದ್ದಾಗ.

“ಯಾರರ ಅದಕ್ಕ ತ್ರಾಸ ಕೊಟ್ರ ವರ್ಷಗಟ್ಲೆ ನೆನಪಿಟ್ಟಿರ್ತದಂತ. ಬ್ಯಾರೆ ಕಾಗಿಗೋಳಿಗೂ ತೋರಸ್ತದಂತ, ಇವನೇ ನೋಡು ಅಂತ.”

‘ಇವನೇ ನೋಡು’ ಅನ್ನುವಾಗ ಆ ಹುಡುಗಿಯ ಬೆರಳು ನೇರವಾಗಿ ನನ್ನ ಕಡೆಗಿತ್ತು. (ಎದುರಿಗೆ ಕುಳಿತವನು ನಾನೊಬ್ಬನೇ. ಇನ್ಯಾರ ಕಡೆಗೆ ತೋರಿಸಬೇಕಿತ್ತು? ಆದರೆ ಆ ಹೊತ್ತಿಗೆ ಅದು ಹೊಳೆಯಬೇಕಲ್ಲ.)

“ಯಾರ ಹೇಳಿಕೊಟ್ಟಾರ ನಿನಗ ಇದನ್ನ?” ಅಂದೆ. ಅಂದೆ ಏನು, ಕಿರುಚಿದೆ.

ಪಲ್ಲವಿಯ ಕೈ ತಾಟಿನಲ್ಲೇ ಉಳಿಯಿತು. ನನ್ನ ಹೆಂಡತಿ ಶಾಂತಾ ಬಾಯಿ ತೆರೆದು ನೋಡಿದಳು. ತಂಗಿ ಮಹಾದೇವಿ ಮಾತ್ರ ತಲೆ ಎತ್ತಲಿಲ್ಲ. ಅದು ನನ್ನ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತು.

ಒಂದು ಕಾಗೆಯ ಮಾತಿಗೆ ಇಷ್ಟು ಸಿಟ್ಟೇ ಅಂತ ನೀವು ಕೇಳುತ್ತೀರಿ. ಕೇಳಬೇಕಾದ್ದೇ.

ಮಹಾದೇವಿ ದೀಪಾವಳಿಗೆಂದು ಚಿತ್ತಾಪುರದಿಂದ ಶಹಾಬಾದಿನ ನಮ್ಮ ಮನೆಗೆ ಮಗಳನ್ನು ಕರೆದುಕೊಂಡು ಬಂದವಳು. ಹಬ್ಬ ಮುಗಿದರೂ ಹೋಗಲಿಲ್ಲ. “ಅಂವ ಕೈ ಎತ್ತತಾನ ಅಣ್ಣಾ” ಅಂತ ಗಂಡನ ಬಗ್ಗೆ ಒಂದೇ ಸಲ ಹೇಳಿದಳು. “ಇರು” ಅಂದೆ. ಪಲ್ಲವಿಯನ್ನು ಇಲ್ಲಿನ ಶಾಲೆಗೇ ಸೇರಿಸಿದೆ. ಅಲ್ಲಿಯವರೆಗೆ ನಾನು ಒಳ್ಳೆಯ ಅಣ್ಣನೇ.

ಹುಡುಗಿ ಮಾತಿನ ಮಲ್ಲಿ. ಹೊಸ ಶಾಲೆಗೆ ಹೋಗತೊಡಗಿದ ಮೇಲೆ ದಿನಾ ಸಂಜೆ ನಮ್ಮ ಮನೆಗೆ ಒಂದೊಂದು ದೇಶದ ಹಕ್ಕಿ ಬರತೊಡಗಿತು. ಅಮೆರಿಕದಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಹಕ್ಕಿಯೊಂದು ಹಿಂದಕ್ಕೂ ಹಾರುತ್ತದಂತೆ. ಇನ್ನೊಂದು ಭೂಮಿಯ ಈ ತುದಿಯಿಂದ ಆ ತುದಿಗೆ ಹೋಗಿ, ಅದೇ ವರ್ಷ ವಾಪಸು ಬರುತ್ತದಂತೆ. (ನಮ್ಮ ಪ್ಯಾಸೆಂಜರ್ ಟ್ರೇನು ವಾಡಿ ಜಂಕ್ಷನ್ ದಾಟುವುದರೊಳಗೆ ಅದು ಅರ್ಧ ಸಮುದ್ರ ದಾಟಿರುತ್ತದೆ, ಬಿಡಿ.) ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಓದಿದವರು ಹೇಳಿದ್ದನ್ನೆಲ್ಲ ನಂಬುವ ಅಭ್ಯಾಸ ನನಗಿಲ್ಲ.

“ಯಾರ ನೋಡ್ಯಾರ ಅದನ್ನ? ಅದರ ಹಿಂದ ಹಿಂದ ಹೋಗಿದ್ರೇನು?” ಅಂತ ಕೇಳುತ್ತಿದ್ದೆ.

“ಖರೇ ಮಾಮಾ! ಆಣಿ ಮಾಡ್ಲೇನು?”

ಪೆಂಗ್ವಿನ್ ಬಂದ ದಿನವಂತೂ ದೊಡ್ಡ ಗಲಾಟೆ. ಅಪ್ಪ ಪೆಂಗ್ವಿನ್ ಹಿಮದಲ್ಲಿ, ಊಟ ಬಿಟ್ಟು, ಮೊಟ್ಟೆಯನ್ನು ಕಾಲ ಮೇಲೆ ಇಟ್ಟುಕೊಂಡು ತಿಂಗಳುಗಟ್ಟಲೆ ನಿಲ್ಲುತ್ತದಂತೆ. “ಗಂಡಸ್ರಂದ್ರ ಅವರಪಾ! ಇಲ್ಲಿ ಒಂದ್ ತಾಸು ಕೂಸಿನ ಹಿಡಕೋರಿ ಅಂದ್ರ ಬೀಡಿ ತರಾಕ ಹೋಗ್ತಾರ” ಅಂದಳು ಶಾಂತಾ. ಎಲ್ಲರೂ ನಕ್ಕೆವು. ಮಹಾದೇವಿ ಕೂಡ.

ಆಮೇಲೆ ನಾನು ಒಂದು ಫೋನ್ ಮಾಡಿದೆ.

ನಾನು ಕೆಲಸ ಮಾಡುವುದು ಭಂಕೂರ ರಸ್ತೆಯ ಒಂದು ಕಲ್ಲು ಪಾಲಿಶ್ ಮಾಡುವ ಜಾಗದಲ್ಲಿ. ಅಲ್ಲಿಗೆ ಬರುವವರಿಗೆ ಹಾಸುಗಲ್ಲಿನ ಜೊತೆಗೆ ನಮ್ಮ ಮನೆಯ ಸುದ್ದಿಯೂ ಬೇಕು. “ತಂಗಿ ಇನ್ನಾ ಹೋಗಿಲ್ಲೇನ್ರಿ?” “ಹೆಣ್ಮಗಳಿಗಿ ಎಷ್ಟ್ ದಿನ ಇಟ್ಕೊಂತೀರಿ?” ಮುಖ ಕೆಡಿಸಿಕೊಂಡು ಸಾಕಾಯಿತು. ‘ನನ್ನ ತಂಗಿ, ನನ್ನ ಮನೆ, ನಿಮಗೇನು?’ ಅನ್ನಬಹುದಿತ್ತು. ಅನ್ನಲಿಲ್ಲ. ಒಂದು ಮಧ್ಯಾಹ್ನ ಮಷಿನ್ ಜೋರಾಗಿ ಓಡುತ್ತಿದ್ದಾಗ, ಯಾರಿಗೂ ಕೇಳುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ತಂಗಿಯ ಗಂಡನಿಗೆ ಫೋನ್ ಹಚ್ಚಿದೆ. “ಬರೋ ಐತವಾರ ಬಂದು ಕರ್ಕೊಂಡು ಹೋಗು. ಅಕಿಗಿ ನಾ ಹೇಳ್ತೀನಿ” ಅಂದೆ.

ಹೇಳಲಿಲ್ಲ. ತಂಗಿಗೂ ಇಲ್ಲ, ಹೆಂಡತಿಗೂ ಇಲ್ಲ.

ಮರುದಿನವೇ ವಿಲಾಯತಿಯ ಕೋಗಿಲೆ ಬಂತು. ಅದು ಪರರ ಗೂಡಲ್ಲಿ ಮೊಟ್ಟೆ ಇಡುತ್ತದಂತೆ. ಅದರ ಮರಿ ಕಣ್ಣು ಬಿಡುವ ಮೊದಲೇ ಮನೆಯವರ ಮೊಟ್ಟೆಗಳನ್ನು ಬೆನ್ನಿನಿಂದ ನೂಕಿ ಹೊರಗೆ ಕೆಡವುತ್ತದಂತೆ. ಓಹೋ! ಇದು ಶಾಂತಾಳ ಕೆಲಸ ಅಂದುಕೊಂಡೆ. ನಾದಿನಿ ಬಂದು ಕೂತದ್ದು ಅವಳಿಗೆ ಸಾಕಾಗಿದೆ, ಮಗುವಿನ ಬಾಯಿಂದ ಹೇಳಿಸುತ್ತಿದ್ದಾಳೆ. ಅವಳನ್ನು ಓರೆಗಣ್ಣಿನಿಂದ ನೋಡಿದೆ. ಆಕೆ ಪಲ್ಲವಿಯ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ನಾಟಕ!

ಮಂಗಳವಾರ ಮಂಗಟ್ಟೆ ಹಕ್ಕಿ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ತಂದು ಕೊಟ್ಟದ್ದನ್ನಷ್ಟೇ ತಿನ್ನುತ್ತದೆ. ಈಗ ಅನುಮಾನ ಶಾಂತಾಳನ್ನು ಬಿಟ್ಟು ಮಹಾದೇವಿಯ ಮೇಲೆ ಕುಳಿತಿತು. ಗಂಡನ ಮನೆ ಅಂದರೆ ಬಾಗಿಲಿಲ್ಲದ ಮನೆ ಅಂತ ನನಗೆ ತಿಳಿಸುತ್ತಿದ್ದಾಳೆಯೇ? ಹಾಗಾದರೆ ಫೋನ್ ವಿಷಯ ಅವಳಿಗೆ ಗೊತ್ತಾಗಿದೆಯೇ?

ಬುಧವಾರ ಕಾಗೆ ಬಂತು. ಮುಂದಿನದು ನಿಮಗೆ ಗೊತ್ತು.

ಗುರುವಾರ ಬೆಳಿಗ್ಗೆ ಬೈಕಿನ ಗಾಳಿ ಇಳಿದಿತ್ತು. ನಮ್ಮ ಓಣಿಯ ಮೂಲೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಮಹಬೂಬ್ ಭಾಯಿ ಮಫ್ಲರ್‌ನಿಂದ ಅರ್ಧ ಮುಖ ಮುಚ್ಚಿಕೊಂಡು ಕುಳಿತಿದ್ದರು. ಬಿಸಿಲು ಸುಡುತ್ತಿತ್ತು.

“ಏನ್ ಭಾಯಿ, ಜ್ವರ ಬಂದಾವೇನು?”

“ಜ್ವರ ಅಲ್ರಿ. ಹೋದ ವಾರ ಕಾಗಿಗಿ ಕಲ್ ಒಗದಿದ್ದೆ. ಅದು ಮಾರಿ ನೆಪ್ಪಿಡ್ತದಂತ, ನಮ್ಮ ಹುಡುಗ ನಿನ್ನೆ ಸಾಲಿಂದ ಕೇಳ್ಕೊಂಡು ಬಂದಾನ. ಗುರುತು ಸಿಗಬಾರ್ದಲ್ಲ!” ಅಂದು ಹೊಟ್ಟೆ ಹಿಡಿದುಕೊಂಡು ನಕ್ಕರು. “ದಿನಾ ಪ್ರಾರ್ಥನಾಕ್ಕ ನಿಂತಾಗ ಒಂದ್ ಹಕ್ಕಿ ಹೇಳ್ತಾರಂತ್ರಿ. ಕೋಗಿಲ್ದು ಕೇಳಿರೇನು? ಮಸ್ತ್ ಅದ.”

ಕೋಗಿಲೆ. ಮಂಗಟ್ಟೆ. ಕಾಗೆ. ಎಲ್ಲವೂ ಅವರ ಮನೆಗೂ ಬಂದಿದ್ದವು. ಪಲ್ಲವಿಯ ಶಾಲೆಗೆ ಮಕ್ಕಳನ್ನು ಕಳಿಸುವ ಎಲ್ಲ ಮನೆಗಳಿಗೂ ಬಂದಿದ್ದವು. ಅಲ್ಲೆಲ್ಲ ನಗಿಸಿ ಹೋದ ಹಕ್ಕಿಗಳು ನಮ್ಮ ಮನೆಯಲ್ಲಿ ಮಾತ್ರ ನನ್ನನ್ನು ಕುಕ್ಕಿದ್ದೇಕೆ? ಏಳನೇ ತರಗತಿ ಓದಿದವನಿಗೂ ಉತ್ತರ ಹೊಳೆಯಿತು.

ಅಂದು ಕೆಲಸಕ್ಕೆ ಹೋಗಲಿಲ್ಲ. ಮನೆಗೆ ಮರಳಿದೆ. ಮಹಾದೇವಿ ಜೋಳ ಹಸನು ಮಾಡುತ್ತಿದ್ದಳು. ನಿಂತೇ ಹೇಳಿದೆ, ಫೋನ್ ಮಾಡಿದ್ದು, ಭಾನುವಾರ ಬಾ ಅಂದದ್ದು.

“ಗೊತ್ತದ ಅಣ್ಣಾ” ಅಂದಳು.

“ಯಾವಾಗಿಂದ?”

“ನೀ ಫೋನ್ ಮಾಡಿದ ದಿನಾನೇ. ನಮ್ಮತ್ತಿ ಓಣಿತುಂಬ ಹೇಳ್ಕೊಂತ ತಿರಗ್ಯಾಳ, ಅಕಿ ಅಣ್ಣನೇ ಕೈ ಮುಗದು ಕರ್ಕೊಂಡು ಹೋಗಂದಾನ ಅಂತ. ಬಾಜೂಮನಿಯಾಕಿ ನನಗ ಫೋನ್ ಮಾಡಿ ಹೇಳಿದ್ಳು.”

“ಮತ್ತ ಅದಕ್ಕೇ ಏನ್ ಪಲ್ಲವಿ ಬಾಯಿಲಿಂದ...”

ನೋಡಿ, ಸತ್ಯ ಗೊತ್ತಾದ ಮೇಲೂ ಕೇಳಿದೆ. ಅನುಮಾನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮಹಾದೇವಿ ಮೊರವನ್ನು ಕೆಳಗಿಟ್ಟಳು. “ನನಗ ಅನ್ನೋದಿದ್ರ ನನಗೇ ಬಾಯಿ ಅದ. ಕೂಸಿನ ಬಾಯಿ ಯಾಕ ಬೇಕು? ನೀನೇ ಹೇಳ್ತಿ ಅಂತ ಕಾದೀನಿ. ಐತವಾರತನಕ ಕಾಯೋದು, ಆಮ್ಯಾಲೆ ಎದ್ದು ಎಲ್ಲಿಗರ ಹೋಗೋದು, ಅಷ್ಟ ಅನ್ಕೊಂಡಿದ್ದೆ. ಆ ಮನಿಗಂತೂ ಅಲ್ಲ.”

ಎಲ್ಲಿಗಾದರೂ. ನಾನು ಮಗುವಿನ ಬಾಯಿ ಕಾಯುತ್ತ ಕೂತಿದ್ದೆ, ತಂಗಿ ನನ್ನ ಬಾಯಿ ಕಾಯುತ್ತ ಕೂತಿದ್ದಳು.

ಅವಳ ಎದುರಿಗೇ ಫೋನ್ ಹಚ್ಚಿ, ಬರಬೇಡ ಅಂದೆ. ಅವನು ಯಾಕೆ ಅಂದ. “ನನ್ನ ತಂಗಿ ಇಲ್ಲೇ ಇರ್ತಾಳ” ಅಂದೆ. ಇಷ್ಟೇ ಮಾತು. ಕಲ್ಲು ಕೊಳ್ಳಲು ಬರುವವರಿಗೂ ಇದನ್ನೇ ಹೇಳಬಹುದಿತ್ತಲ್ಲವೇ?

ಭಾನುವಾರ ಯಾರೂ ಬರಲಿಲ್ಲ. ಓಣಿಯಲ್ಲಿ ಬೈಕು ನಿಂತಾಗಲೆಲ್ಲ ನಾನೇ ಎದ್ದು ಬಾಗಿಲಿಗೆ ಹೋದೆ. ಮಹಾದೇವಿ ಕ್ಷಮಿಸಿದಳೋ ಇಲ್ಲವೋ ಕೇಳಿಲ್ಲ. ಕೇಳುವ ಮುಖ ನನಗಿಲ್ಲ.

ಆದರೆ ಊಟದ ಹೊತ್ತು ಈಗ ಮೊದಲಿನಂತಿಲ್ಲ. ಪಲ್ಲವಿ ಶಾಂತಾಳ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾಳೆ, ನಾನು ಬಂದರೆ ನಿಲ್ಲಿಸುತ್ತಾಳೆ. ಮೊನ್ನೆ ತಡೆಯಲಾಗದೆ ನಾನೇ ಕೇಳಿದೆ, “ಇವತ್ತ ಯಾವ ಹಕ್ಕಿ ಬಂದದ ಪಲ್ಲೂ?”

ಹುಡುಗಿ ಮೊದಲು ಅವ್ವನ ಮುಖ ನೋಡಿದಳು. ಆಮೇಲೆ ನನ್ನದು.

“ನೀ ಸಿಟ್ಟಾಗಂಗಿಲ್ಲಂದ್ರ ಹೇಳ್ತೀನಿ ಮಾಮಾ.”

ಜಗತ್ತಿನ ಯಾವ ಹಕ್ಕಿಯಾದರೂ ಹೀಗೆ ಅಪ್ಪಣೆ ಕೇಳಿ ಕೂಗುತ್ತದೆಯೇ?