ಜೇಬಿಲ್ಲದ ಅಂಗಿ

ದರ್ಜಿ ಹೋಗಿಬಿಟ್ಟ. ಮನೆಯಲ್ಲೇ, ಮಂಚದ ಮೇಲೆ, ನಿದ್ದೆಯಲ್ಲಿ. ಹಿಂದಿನ ರಾತ್ರಿ ಬೀಗದ ಕೈಯಿಲ್ಲದೆ ಬಂದ ಅವನಿಗೆ ಬಾಗಿಲು ತೆಗೆದು, ಮತ್ತೆ ತಾನೇ ಬೀಗ ತಿರುಗಿಸಿ ಮಲಗಿದ್ದಳು ಅವನ ಅಕ್ಕ. ಬೆಳಿಗ್ಗೆ ಎದ್ದರೆ ಮುಂಬಾಗಿಲು ಹಾರುಹೊಡೆದಿತ್ತು. ಕಳುವಾದದ್ದು ಏನೂ ಇಲ್ಲ.

ಅವನು ಹೊಲಿಗೆ ಕಲಿತದ್ದು ಜೈಲಿನಲ್ಲಿ. ಯಾರದೋ ಕಳವನ್ನು ಅವನ ತಲೆಗೆ ಕಟ್ಟಿದ್ದರು. ಯೌವನವೆಲ್ಲ ಕೈದಿಗಳ ಅಂಗಿ ಹೊಲಿಯುವುದರಲ್ಲೇ ಸವೆಯಿತು. ಆ ಅಂಗಿಗಳಿಗೆ ಜೇಬು ಇಡಬಾರದೆಂಬುದು ಅಲ್ಲಿನ ಕಟ್ಟಳೆ. ಹೊರಬಂದು ಪೇಟೆಯಲ್ಲಿ ಮಿಷನ್ ಹಾಕಿದ ಮೇಲೆ ಮಕ್ಕಳ ಲಂಗಕ್ಕೂ ಜೇಬಿಡದೆ ಕೊಟ್ಟವನಲ್ಲ. "ಜೇಬಿದ್ರೆ ಮನುಷ್ಯ ಕಣ್ರೀ" ಎನ್ನುತ್ತಿದ್ದ.

ಜೈಲು ಮುಚ್ಚಿ ಮ್ಯೂಸಿಯಂ ಆಯಿತು. ಕೈದಿಯ ಬೊಂಬೆಗೆ ಹಳೇ ಮಾದರಿಯ ಅಂಗಿ ಬೇಕೆಂದು ಕ್ಯೂರೇಟರ್ ಇವನನ್ನೇ ಹುಡುಕಿಕೊಂಡು ಬಂದರು. ಮುಖದ ಅಚ್ಚು ಕೊಡಲು ಬೇರೆ ಯಾರೂ ಒಪ್ಪದಿದ್ದಾಗ ಇವನೇ ಕಣ್ಣು ಮುಚ್ಚಿ ಮುಖಕ್ಕೆ ಗಾರೆ ಬಳಿಸಿಕೊಂಡ. ಹೀಗೆ ಇವನ ಮುಖದ ಮೇಣದ ಬೊಂಬೆ, ಇವನಿದ್ದ ಕೋಣೆಯಲ್ಲೇ, ಗೋಡೆಗೊರಗಿ ಕೂತಿತು.

ಮೊದಮೊದಲು ಅದನ್ನು ಹೇಳಿಕೊಂಡು ನಗುತ್ತಿದ್ದ. ಒಗೆಯಲು ತಂದ ಬೊಂಬೆಯ ಅಂಗಿಯ ಕಾಲರ್‌ನಲ್ಲಿ ಬೆವರಿನ ಕೊಳೆ ಕಂಡ ದಿನ ನಗು ನಿಂತಿತು. ಮುಂದಿನ ಸಲ ಬೆನ್ನಿನ ಬಟ್ಟೆ ಸವೆದಿತ್ತು. ಅಂದಿನಿಂದ ಅವನಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಬೆನ್ನಿಗೆ ಆ ಗೋಡೆಯ ಥಂಡಿ.

"ಸಾರ್, ಅವನನ್ನ ಬಿಟ್ಬಿಡಿ," ಎಂದು ಕ್ಯೂರೇಟರನ್ನು ಕೇಳಿಕೊಂಡ.

"ಯಾರನ್ನಪ್ಪಾ?"

"ಒಳಗಿರೋನ್ನ. ಶಿಕ್ಷೆ ಮುಗಿದು ಎಷ್ಟೋ ಕಾಲ ಆಯ್ತಲ್ಲ."

"ಒಳ್ಳೇ ಕತೆ! ಜನ ಟಿಕೆಟ್ ತಗೊಂಡು ಬರೋದೇ ಅವನನ್ನ ನೋಡೋಕೆ."

ಅಕ್ಕ ರೇಗಿದಳು. "ಮೇಣಕ್ಕೆ ಬೆವರು ಬರುತ್ತೇನೋ, ತಲೆಗಿಲೆ ಕೆಟ್ಟಿದ್ಯಾ? ಸೆಕೆಗೆ ಕರಗಿರುತ್ತೆ. ಉಣ್ಣು ಸುಮ್ನೆ."

"ಅಲ್ಲಕ್ಕಾ, ಬಿಡುಗಡೆ ಆದ್ರೆ ಅವನು ಎಲ್ಲಿಗೆ ಹೋಗ್ಬೇಕು?"

"ಮನೆಗೆ. ಇನ್ನೇನು, ಮಸಣಕ್ಕಾ?"

ಅವನು ತುತ್ತು ಕೈಯಲ್ಲೇ ಹಿಡಿದು ಆ ಮಾತನ್ನೇ ಯೋಚಿಸುತ್ತ ಕೂತ.

ಮರುದಿನ ಸಂಜೆ ಒಗೆದ ಅಂಗಿ ಹಿಡಿದು ಮ್ಯೂಸಿಯಂಗೆ ಹೋದ. "ಏನ್ ದರ್ಜಪ್ಪಾ, ಅವಳಿ ತಮ್ಮನಿಗೆ ಹೊಸ ಬಟ್ಟೇನಾ?" ಎಂದು ಕಾವಲುಗಾರ ಕಿಚಾಯಿಸಿದ. ಇವನು ನೇರ ಆ ಕೋಣೆಗೆ ನಡೆದ. ಬೊಂಬೆಯ ತೋಳುಗಳನ್ನು ಮೆಲ್ಲಗೆ ಎತ್ತಿ ಅಂಗಿ ತೊಡಿಸಿದ, ಒಂದೊಂದೇ ಗುಂಡಿ ಹಾಕಿದ. ಎದೆಯ ಎಡಗಡೆ ಒಂದು ಜೇಬಿತ್ತು, ಹೊಸ ಹೊಲಿಗೆ. ತನ್ನ ಮನೆಯ ಬೀಗದ ಕೈ ತೆಗೆದು ಅದರೊಳಗೆ ಇಳಿಬಿಟ್ಟು, ಬೀಳದ ಹಾಗೆ ಮೇಲಿನಿಂದ ಒಮ್ಮೆ ತಟ್ಟಿದ.