ಬೀಸೋ ಪದಕ್ಕೆ ಹಾರ್ಮೋನಿಯಂ

ಗಾಡಿ ಮಗುಚಬಹುದಿತ್ತು. ಮೇವಿನ ಕಾವಲಿನ ದನ ನುಗ್ಗಿ ಬಂದು ಎತ್ತುಗಳು ಬೆದರಬಹುದಿತ್ತು. ಬಿಸಿಲಿಗೆ ಪೆಟ್ಟಿಗೆಯ ಅಂಟು ಬಿಡಬಹುದಿತ್ತು, ಧೂಳು ಹೋಗಿ ಅದಕ್ಕೆ ದಮ್ಮು ಹಿಡಿಯಬಹುದಿತ್ತು, ಇಲಿ ಅದರ ತಿದಿ ಕಡಿಯಬಹುದಿತ್ತು. ಅದನ್ನು ನುಡಿಸುವ ಮೇಷ್ಟ್ರು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಇಳಿದು ಹೋಗಬಹುದಿತ್ತು. ನಾನು ಚಿಕ್ಕವನಿದ್ದಾಗ, ಚಳ್ಳಕೆರೆಯಿಂದ ದೇವಸಮುದ್ರದ ನಮ್ಮ ಮನೆಗೆ ಹಾರ್ಮೋನಿಯಂ ಬಂದ ದಿನ, ಅಪ್ಪನ ಪಕ್ಕ ಗಾಡಿಯಲ್ಲಿ ಕೂತು ಇಷ್ಟನ್ನೂ ಚಿಂತಿಸಿ ಮುಗಿಸಿದ್ದೆ. ಈಗಲೂ ನನ್ನದು ಅದೇ ಕಸುಬು. ಐವತ್ತು ತುಂಬುವ ಮೊದಲೇ ತಾತನಾದೆನಲ್ಲ ಅನ್ನುವ ಚಿಂತೆಯೊಂದು ಹೆಚ್ಚಾಗಿದೆ, ಅಷ್ಟೇ.

ಅವ್ವ ಹೋಗಿ ಒಂದು ವರ್ಷವಾಗಿತ್ತು. ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತಿಳಿಯುವುದಿಲ್ಲ, ಹಾಗೆ ಇಡೀ ಮನೆಗೇ ಜೋಮು ಹಿಡಿದಿತ್ತು. ಬೆಳಿಗ್ಗೆ ಅಕ್ಕ ರಾಗಿ ಬೀಸುತ್ತ ಅವ್ವನ ಪದ ಹಾಡಿದಾಗ ಮಾತ್ರ ನನ್ನೊಳಗೆ ಎಲ್ಲೋ ಸಣ್ಣಗೆ ಚುರ್ ಅನ್ನುತ್ತಿತ್ತು. ಬೀಸುವ ಕಲ್ಲಿನ ಗೂಟ ಆಚೆ ಹೋಗುವಾಗ ಅವಳ ದನಿ ಏರುತ್ತಿತ್ತು. ಗೂಟವನ್ನು ಈಚೆಗೆ ಎಳೆಯುವಾಗ, ಸಾಲಿನ ಕೊನೆಯಲ್ಲಿ, ಮೆಲ್ಲಗೆ ಜಾರುತ್ತಿತ್ತು. ಅವ್ವ ಹಾಡುವಾಗಲೂ ಅದೇ ಜಾರು.

ಸುಗ್ಗಿ ಮುಗಿದರೆ ಅಕ್ಕನ ಮದುವೆ. ಅವಳ ಜೊತೆ ಪದವೂ ಗಂಡನ ಮನೆಗೆ ಹೋಗಿಬಿಡುತ್ತದೆ. ಅಪ್ಪನಿಗೆ ಬರುವುದಿಲ್ಲ, ನನಗಂತೂ ಗಂಟಲೇ ಇಲ್ಲ. ಆಗೆಲ್ಲ ನಮ್ಮ ಕಡೆ ಕಂಪನಿ ನಾಟಕದ ಹಾಡುಗಳದೇ ಗುಂಗು. ಭಜನೆಯವರೂ ತಂಬೂರಿ ಕೆಳಗಿಟ್ಟು ಆ ಮಟ್ಟುಗಳಲ್ಲೇ ಹಾಡತೊಡಗಿದ್ದರು. ಅಪ್ಪನಿಗೊಂದು ಉಪಾಯ ಹೊಳೆಯಿತು: ಮುಚ್ಚಿಹೋದ ಕಂಪನಿಯೊಂದರ ಮೇಷ್ಟ್ರನ್ನು ಪೆಟ್ಟಿಗೆ ಸಮೇತ ಕರೆತಂದು, ಅವ್ವನ ಪದವನ್ನು ಹಾರ್ಮೋನಿಯಂಗೆ ಕೂರಿಸಿ ಮನೆಯಲ್ಲೇ ಉಳಿಸಿಕೊಳ್ಳುವುದು.

ಗಾಡಿ ಮಗುಚಲಿಲ್ಲ. ಮೇಷ್ಟ್ರೂ ಇಳಿದು ಹೋಗಲಿಲ್ಲ. ಅವರು ರಾಯದುರ್ಗದ ಕಡೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ತಿದಿ ಒತ್ತಿದರು. ಹಳೇ ಚರ್ಮದ ವಾಸನೆ, ಅವರ ನಶ್ಯದ ಘಾಟು. ಅಕ್ಕ ಎದುರಿಗೆ ಕೈಕಟ್ಟಿ ಕೂತು ಹಾಡಿದಳು. ಸಾಲಿನ ಕೊನೆಗೆ ಬಂದಾಗ ಮೇಷ್ಟ್ರ ಬೆರಳು ಬಿಳಿ ಮನೆ, ಕಪ್ಪು ಮನೆ ಅಂತ ತಡಕಾಡಿ ನಿಂತಿತು.

"ಆ ಸ್ವರ ಎರಡರ ನಡುವೆ ಎಲ್ಲೋ ಐತೆ. ಇದ್ರಾಗೆ ಬರಲ್ಲ," ಅಂದರು.

"ಇಷ್ಟು ದೊಡ್ಡ ಪೆಟ್ಟಿಗೆ, ಅಷ್ಟು ಸಣ್ಣದು ಬರಲ್ವಾ?" ಅಂದ ಅಪ್ಪ.

"ನಿಮ್ಮ ಎತ್ತೂ ದೊಡ್ಡದೈತಲ್ರೀ ಯಜಮಾನ್ರೇ. ಸೂಜಿಗೆ ದಾರ ಪೋಣಿಸ್ತದಾ?"

ಅಕ್ಕ ನಕ್ಕುಬಿಟ್ಟಳು. ಅವ್ವ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

"ಜಾರಬ್ಯಾಡ ಅಮ್ಮಾಯಿ. ಮೆಟ್ಟಿಲು ಇಳಿದಂಗೆ ಒಂದೊಂದೇ ಇಳಿ," ಅಂದರು ಮೇಷ್ಟ್ರು.

ಅಕ್ಕ ಜಾಣೆ. ಸಂಜೆಯೊಳಗೆ ಕಲಿತಳು. ಪೆಟ್ಟಿಗೆಯೂ ಅವಳೂ ಒಂದೇ ದನಿಯಲ್ಲಿ ಮೆಟ್ಟಿಲು ಇಳಿದರು. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. "ಸಿಕ್ತು. ಇನ್ನು ಎಲ್ಲಿಗೂ ಹೋಗಲ್ಲ ಬಿಡು," ಅಂದ.

ಮಾರನೆಯ ಬೆಳಿಗ್ಗೆ ಕಂಬಳಿಯೊಳಗೆ ಕಾಯುತ್ತ ಮಲಗಿದ್ದೆ. ಕಲ್ಲು ಗರಗರ ತಿರುಗಿತು. ಅಕ್ಕ ಹಾಡಿದಳು. ಸಾಲಿನ ಕೊನೆ ಬಂತು, ಅವಳು ಮೆಟ್ಟಿಲು ಇಳಿದಳು. ನನಗೆ ಚುರ್ ಅನ್ನಲಿಲ್ಲ.

"ಅಕ್ಕಾ, ಮೊದ್ಲಿನಂಗೆ ಜಾರ್ಸು."

ಅವಳು ಇನ್ನೊಮ್ಮೆ ಹಾಡಿದಳು. ಮತ್ತೆ ಮೆಟ್ಟಿಲು. ಕಲ್ಲು ನಿಲ್ಲಿಸಿ, ಹಿಟ್ಟು ಮೆತ್ತಿದ ಕೈಯನ್ನೇ ನೋಡುತ್ತ ನನ್ನನ್ನು ಕೇಳಿದಳು: "ಹೆಂಗಿತ್ತೋ ಅದು?"

ನನಗೆ ಕೇಳಿದ್ದು ಗೊತ್ತಿತ್ತು, ಹಾಡಲು ಗೊತ್ತಿರಲಿಲ್ಲ. ಅವಳು ಮತ್ತೆ ಬೀಸತೊಡಗಿದಳು.

ಮಕ್ಕಳೇ, ಈಗ ಹಿಟ್ಟು ಗಿರಣಿಯಿಂದ ಬರುತ್ತದೆ, ಹಾಡು ರೇಡಿಯೋದಿಂದ ಬರುತ್ತದೆ. ಒಂದು ಹಿಡಿಸದಿದ್ದರೆ ತಿರುಗಣೆ ತಿರುಗಿಸುತ್ತೀರಿ, ಇನ್ನೊಂದು ಬರುತ್ತದೆ. ಒಳ್ಳೆಯದೇ. ಅಪ್ಪ ಮೇಷ್ಟ್ರಿಂದ ಕೊಂಡು ಇಟ್ಟುಕೊಂಡ ಆ ಹಾರ್ಮೋನಿಯಂಗೂ ಇವತ್ತಿನವರೆಗೆ ಏನೂ ಆಗಿಲ್ಲ. ಇಲಿ ಮುಟ್ಟಿಲ್ಲ, ಅಂಟು ಬಿಟ್ಟಿಲ್ಲ. ರಜೆಗೆ ಬಂದಾಗ ನೀವು ಅದನ್ನೇ ಮುಂದಿಟ್ಟುಕೊಂಡು ನನ್ನವ್ವನ ಪದ ಹಾಡುತ್ತೀರಿ, ಒಂದು ಸ್ವರವೂ ತಪ್ಪುವುದಿಲ್ಲ. ಸಾಲಿನ ಕೊನೆ ಹತ್ತಿರವಾದಾಗ ನನ್ನ ಬಲಗೈ ಮಾತ್ರ ಗೂಟ ಹಿಡಿದಂತೆ ತಾನಾಗಿ ಆಚೆ ಹೋಗುತ್ತದೆ. ಈಚೆಗೆ ಎಳೆಯಲು ಅಲ್ಲಿ ಏನೂ ಇರುವುದಿಲ್ಲ.