ಮೂರೂಮುಕ್ಕಾಲಿನ ವೈವಾ

ಈ ಸಂಗತಿಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಅದು ನಡೆದದ್ದಕ್ಕಿಂತ ಚೆನ್ನಾಗಿದೆ. ಕೇಳುವವರು ನಕ್ಕ ಕಡೆ ಉದ್ದವಾಗಿದೆ, ಆಕಳಿಸಿದ ಕಡೆ ಸವೆದುಹೋಗಿದೆ. ಬರೆಯುವಾಗಲಾದರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು.

ಗೊತ್ತಿರುವುದು ಇಷ್ಟು. ಈ ಶತಮಾನದ ಮೊದಲ ದಶಕ. ಫರೀದಾಬಾದಿನಲ್ಲಿ ವಾಹನಗಳಿಗೆ ರಬ್ಬರ್ ಸೀಲು ಮಾಡುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಹಗಲೆಲ್ಲ ಕೆಲಸ. ರಾಜಧಾನಿಯ ಮುನಿರ್ಕಾದಲ್ಲಿ ಬಾಡಿಗೆ ಕೋಣೆ. ಅಲ್ಲೇ ಹತ್ತಿರದ ಕ್ಯಾಂಪಸ್ಸಿನಲ್ಲಿ ಸಂಜೆಯ ಎಂ.ಟೆಕ್. ಕೆಲಸಕ್ಕೂ ಓದಿಗೂ ನಡುವೆ ಬದರ್‌ಪುರ್ ಗಡಿ, ಗಡಿಯಲ್ಲಿ ಲಾರಿಗಳ ಹಿಂದೆ ನಿಂತ ಬಸ್ಸು, ಬಸ್ಸಿನಲ್ಲಿ ಒಂಟಿ ಕಾಲಿನ ಮೇಲೆ ನಾನು. ಓಡಿಬಂದು ಕ್ಲಾಸಿನಲ್ಲಿ ಕೂತರೆ ಪಕ್ಕದವರು ಸ್ವಲ್ಪ ಸರಿಯುತ್ತಿದ್ದರು. ನನ್ನ ದುಪಟ್ಟಾದಲ್ಲಿ ಕಾದ ರಬ್ಬರಿನ ವಾಸನೆ ಇರುತ್ತಿತ್ತು. ಒಗೆದರೂ ಹೋಗುತ್ತಿರಲಿಲ್ಲ.

ಹರಿಯಾಣದವರಾದ ನನ್ನ ಮ್ಯಾನೇಜರ್ ನನ್ನನ್ನು ‘ಪ್ರೊಫೆಸರ್ ಸಾಹಿಬಾ’ ಎಂದೇ ಕರೆಯುತ್ತಿದ್ದರು. ಮೆಚ್ಚುಗೆಯಿಂದಲ್ಲ.

“ಪ್ರೊಫೆಸರ್ ಸಾಹಿಬಾ, ಡಿಗ್ರೀ ಲೇಕೇ ಕೇ ಕರೇಗೀ? ರಬ್ಬರ್ ತೋ ತಬ್ ಭೀ ರಬ್ಬರ್ ಹೀ ರಹೇಗಾ.” ಡಿಗ್ರಿ ತೆಗೆದುಕೊಂಡು ಏನು ಮಾಡುತ್ತೀ, ರಬ್ಬರು ಆಗಲೂ ರಬ್ಬರಾಗಿಯೇ ಇರುತ್ತದೆ ಎಂದು. ನನ್ನ ಪ್ರಬಂಧದ ವಿಷಯವೇ ಅದರ ವಿರುದ್ಧವಾಗಿತ್ತು. ಬಿಸಿಯಲ್ಲಿ ಬಹಳ ದಿನ ಇಟ್ಟರೆ ರಬ್ಬರು ರಬ್ಬರಾಗಿ ಉಳಿಯುವುದಿಲ್ಲ, ಗಟ್ಟಿಯಾಗುತ್ತದೆ, ಸೀಳುತ್ತದೆ. ಅದನ್ನು ಅವರಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದೆ ಎಂದು ಕೆಲವರ ಹತ್ತಿರ ಹೇಳಿಕೊಂಡಿದ್ದೇನೆ.

ಕೆಲಸ ಮಾಡುತ್ತಾ ಓದುವವರಿಗೆ ಕೊಟ್ಟ ಅವಧಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಆಗಲೇ ಎರಡು ಸಲ ವಿಸ್ತರಣೆ ಬೇಡಿ ಪಡೆದಿದ್ದೆ. ಪ್ರಬಂಧವನ್ನು ಒಪ್ಪಿಸಿಯಾಗಿತ್ತು, ವೈವಾ ಒಂದು ಬಾಕಿ. ಅದು ತಪ್ಪಿದರೆ ನೋಂದಣಿ ರದ್ದು. ಬೇಕಿದ್ದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಆ ಬಸ್ಸನ್ನು ಇನ್ನೊಂದು ವರ್ಷ ಹತ್ತುವ ಶಕ್ತಿ ನನ್ನಲ್ಲಿರಲಿಲ್ಲ. ಇದರಲ್ಲಿ ಅನುಮಾನವಿಲ್ಲ.

ಡಿಪಾರ್ಟ್‌ಮೆಂಟಿನ ಗುಮಾಸ್ತರ ಫೋನು ಬಂದಾಗ ನಾನು ಓವನ್ನಿನ ಮುಂದೆ ನಿಂತಿದ್ದೆ. ಪ್ರೆಸ್ಸುಗಳ ಸದ್ದಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ.

“ಮೇಡಮ್, ವೈವಾ ಬುಧ್‌ವಾರ್ ಕೋ. ಪೌನೇ ತೀನ್.”

“ಪೌನೇ ತೀನ್. ಅಚ್ಛಾ.”

ತಪ್ಪು ಆ ‘ಅಚ್ಛಾ’ದಲ್ಲೇ ಆಯಿತು. ಕನ್ನಡದವರಿಗೆ ಅದನ್ನು ವಿವರಿಸುವುದು ಸುಲಭ. ಸವಾ ತೀನ್ ಎಂದರೆ ಮೂರೂಕಾಲು. ಸಾಢೇ ತೀನ್ ಎಂದರೆ ಮೂರೂವರೆ. ಪೌನ್ ಎಂದರೆ ಮುಕ್ಕಾಲು. ತರಕಾರಿ ಭಯ್ಯಾ ಪೌನ್ ಕಿಲೋ ಎಂದು ತೂಗಿ ಕೊಟ್ಟದ್ದನ್ನೇ ಎಷ್ಟೋ ಸಲ ತಿಂದಿದ್ದೇನೆ. ಹಾಗಿದ್ದಮೇಲೆ ಪೌನೇ ತೀನ್ ಮೂರೂಮುಕ್ಕಾಲು ಅಲ್ಲದೆ ಇನ್ನೇನು? ಕಾಲು ಮುಂದಕ್ಕೆ ಹೋಗುತ್ತದೆ, ಅರ್ಧ ಮುಂದಕ್ಕೆ ಹೋಗುತ್ತದೆ, ಮುಕ್ಕಾಲು ಮಾತ್ರ ಹಿಂದಕ್ಕೆ ಹೋಗುತ್ತದೆಂದು ಯಾರಿಗಾದರೂ ಹೊಳೆಯುತ್ತದೆಯೇ? ಹಿಂದಿಯಲ್ಲಿ ಅದು ಮೂರಕ್ಕೆ ಕಾಲು ಕಡಿಮೆ. ಎರಡೂಮುಕ್ಕಾಲು.

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಹೊರಟೆ. “ಅಚ್ಛಾ, ಚಲೋ. ಫೇಲ್ ಹೋಕೇ ಮತ್ ಆನಾ, ಫಿರ್ ಛುಟ್ಟೀ ಮಾಂಗೇಗೀ” ಎಂದರು ಮ್ಯಾನೇಜರ್. ಫೇಲಾಗಿ ಬರಬೇಡ, ಮತ್ತೆ ರಜೆ ಕೇಳುತ್ತೀ ಎನ್ನುವುದು ಅವರ ಹಾರೈಕೆ. ಅಪರೂಪಕ್ಕೆ ಬದರ್‌ಪುರದಲ್ಲಿ ಲಾರಿಗಳಿರಲಿಲ್ಲ. ಕ್ಯಾಂಪಸ್ಸು ತಲುಪಿದಾಗ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡೆ. ಚಳಿಗಾಲದ ಬಿಸಿಲು. ಹುಲ್ಲಿನ ಮೇಲೆ ಕೂತು ಕಿತ್ತಳೆ ಸುಲಿದು ತಿಂದೆ. ಪ್ರಬಂಧವನ್ನು ತೆರೆಯಲೂ ಇಲ್ಲ. ಅಷ್ಟು ವರ್ಷಗಳಲ್ಲಿ ಆ ಕ್ಯಾಂಪಸ್ಸಿನಲ್ಲಿ ನಾನು ಸುಮ್ಮನೆ ಕೂತದ್ದು ಅದೇ ಮೊದಲು. ಎಲ್ಲವೂ ಕೈತಪ್ಪುತ್ತಿದ್ದ ಆ ಹೊತ್ತಿನಲ್ಲಿ ನಾನು ಅತ್ಯಂತ ನೆಮ್ಮದಿಯಲ್ಲಿದ್ದೆ. ಇದನ್ನು ನಂತರ ಸೇರಿಸಿದ್ದಲ್ಲ. ಬೆರಳುಗಳಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಇತ್ತು, ಅದರ ಮೇಲೆ ನನಗೆ ನಂಬಿಕೆಯಿದೆ.

ಮೂರೂವರೆಗೆ ಮಹಡಿ ಹತ್ತಿದೆ. ಗುಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು.

“ಅರೇ ಮೇಡಮ್! ಕಹಾಂ ಥೀ ಆಪ್? ಪೌನೇ ತೀನ್ ಬೋಲಾ ಥಾ!” ಎಲ್ಲಿದ್ದಿರಿ, ಪೌನೇ ತೀನ್ ಎಂದಿದ್ದೆನಲ್ಲ ಎಂದು.

“ಹಾಂ ಜೀ. ಅಭೀ ತೋ ಪೌನೇ ತೀನ್ ಬಜಾ ಹೀ ನಹೀಂ.” ಇನ್ನೂ ಆಗಿಯೇ ಇಲ್ಲವಲ್ಲ ಎಂದೆ, ಸ್ವಲ್ಪ ಗತ್ತಿನಿಂದಲೇ.

ಅವರು ಗೋಡೆಯ ಗಡಿಯಾರ ನೋಡಿದರು. ನನ್ನನ್ನು ನೋಡಿದರು. “ಮೇಡಮ್, ಪೌನೇ ತೀನ್ ಬಜೇ ಹುಏ ಪೌನ್ ಘಂಟಾ ಹೋ ಗಯಾ.” ಅದಾಗಿ ಮುಕ್ಕಾಲು ಗಂಟೆಯಾಯಿತು! ಆಮೇಲೆ ಮಗುವಿಗೆ ಹೇಳುವಂತೆ ಬೆರಳು ಮಡಿಸಿ ತೋರಿಸಿದರು: ಮೂರರಲ್ಲಿ ಕಾಲು ಕಳೆ.

ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತೆ. ಕೂತೆನೋ, ನಿಂತೇ ಇದ್ದೆನೋ. ಡಿಪಾರ್ಟ್‌ಮೆಂಟಿನ ಹೆಡ್ ಸಾಹೇಬರು ಕಾದು ಕಾದು ಕ್ಲಾಸಿಗೆ ಹೋಗಿದ್ದಾರೆ ಎಂದರು ಗುಮಾಸ್ತರು. ಹೊರಗಿನಿಂದ ಬಂದ ಪರೀಕ್ಷಕರಿಗೆ ಇವತ್ತೇ ವಾಪಸು ರೈಲು. ಅವರು ಒಳಗಿದ್ದಾರೆ, ಹೋಗಿ ಮಾತಾಡಿ ನೋಡಿ.

ಒಳಗೆ ಒಬ್ಬ ಹಿರಿಯರು ಮೇಜಿನ ಕೆಳಗೆ ಬೂಟು ಬಿಚ್ಚಿಟ್ಟು ನನ್ನ ಪ್ರಬಂಧವನ್ನು ಓದುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ಪೌನೇ ತೀನ್ ಎಂದರೆ ತ್ರೀ ಫಾರ್ಟಿಫೈವ್ ಎಂದುಕೊಂಡಿದ್ದೆ ಎಂದೆ. ಹೇಳುವಾಗಲೇ ಅದು ಎಷ್ಟು ಪೆದ್ದಾಗಿದೆ ಎಂದು ಕೇಳಿಸಿತು.

ಅವರು ಪ್ರಬಂಧದ ಮೇಲಿದ್ದ ನನ್ನ ಹೆಸರನ್ನೊಮ್ಮೆ ನೋಡಿ ತಲೆ ಎತ್ತಿದರು. “ಮೂರೂಮುಕ್ಕಾಲು ಅಂದ್ಕೊಂಡ್ರಾ?”

ಕನ್ನಡ! ತಲೆ ಆಡಿಸಿ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡೆ.

“ಕೂತ್ಕೊಳ್ರೀ. ಅಳೋದೇನೂ ಬೇಡ. ನನಗೂ ಆ ಪುಣ್ಯಾತ್ಮ ಫೋನಲ್ಲಿ ಹಾಗೇ ಹೇಳಿದ್ದು. ನಾನೂ ಮೂರೂಮುಕ್ಕಾಲು ಅಂತಲೇ ಈಗ ತಾನೇ ಬಂದೆ.”

ಇಲ್ಲಿಗೆ ಬಂದಾಗ ಕೇಳುವವರೆಲ್ಲ ನಗುತ್ತಾರೆ. ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಮೇಜಿನ ಮೇಲೆ ಎರಡು ಖಾಲಿ ಚಹಾ ಲೋಟಗಳಿದ್ದವು. ನನ್ನ ಪ್ರಬಂಧದ ಪುಟಗಳ ನಡುವೆ ಮೂರು ಕಡೆ ಕಾಗದದ ಚೂರುಗಳಿದ್ದವು.

ಹೆಡ್ ಸಾಹೇಬರು ಕ್ಲಾಸು ಮುಗಿಸಿ ಬಂದು, ನನ್ನನ್ನು ನೋಡಿ ಬಯ್ಯಲು ಬಾಯಿ ತೆರೆದರು. ಹಿರಿಯರು ಅಷ್ಟರಲ್ಲಿ, “ಶುರು ಮಾಡೋಣ, ನನಗೆ ರೈಲಿದೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಚೂರು ಇಟ್ಟಿದ್ದ ಒಂದು ಪುಟ ತೆರೆದರು.

“ಈ ಗ್ರಾಫಿನಲ್ಲಿ ಎಲ್ಲ ಬಿಂದುಗಳೂ ಗೆರೆಯ ಹತ್ತಿರ ಇವೆ. ಇದೊಂದು ಯಾಕೆ ಇಷ್ಟು ದೂರ?”

“ಆ ದಿನ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಓವನ್ ತಣ್ಣಗಾಗಿತ್ತು, ಸರ್.”

“ಹಾಗಾದರೆ ತೆಗೆದುಹಾಕಬಹುದಿತ್ತಲ್ಲ? ಚಂದ ಕಾಣುತ್ತಿತ್ತು.”

“ಆದದ್ದು ಹಾಗೇ, ಸರ್.”

ಹೆಡ್ ಸಾಹೇಬರಿಗೆ ಈ ಉತ್ತರ ಹಿಡಿಸಲಿಲ್ಲ. ಹಿರಿಯರು ಮಾತ್ರ ಏನೋ ಗುರುತು ಹಾಕಿಕೊಂಡು ಮುಂದಿನ ಪುಟಕ್ಕೆ ಹೋದರು. ಉಳಿದ ಪ್ರಶ್ನೆಗಳು ನೆನಪಿನಲ್ಲಿಲ್ಲ. ಉತ್ತರ ಬಂದವು ಎಂಬುದಷ್ಟೇ ಇದೆ. ನನ್ನನ್ನು ಹೊರಗೆ ಕಳಿಸಿದರು, ಮತ್ತೆ ಕರೆದರು. ಹೆಡ್ ಸಾಹೇಬರು ಸಹಿ ಹಾಕುತ್ತಲೇ, ತಲೆ ಎತ್ತದೆ, “ಕಂಗ್ರಾಚ್ಯುಲೇಷನ್ಸ್. ಅಬ್ ಜಾಕೇ ಘಡೀ ದೇಖನಾ ಸೀಖೋ” ಎಂದರು. ಗಡಿಯಾರ ನೋಡುವುದನ್ನು ಕಲಿ. ಖಂಡಿತ ಸರ್, ಎಂದೆ. ಇನ್ನೇನು ಹೇಳಿದ್ದರೂ ಖಂಡಿತ ಎನ್ನುತ್ತಿದ್ದೆ.

ಹೊರಗೆ ಬಂದಾಗ ಗುಮಾಸ್ತರು ಪಿಸುಗುಟ್ಟಿದರು: “ಶುಕರ್ ಮನಾಓ ಮೇಡಮ್. ವೋ ಸರ್ ತೋ ಢಾಯೀ ಬಜೇ ಸೇ ಬೈಠೇ ಥೇ.” ನಿಮ್ಮ ಪುಣ್ಯ, ಆ ಸರ್ ಎರಡೂವರೆಯಿಂದ ಕೂತಿದ್ದರು ಎಂದು.

ಅಂದರೆ ಅವರು ಸುಳ್ಳು ಹೇಳಿದರೇ? ಅಥವಾ ಗುಮಾಸ್ತರೇ ಮಾತಿಗೆ ರುಚಿ ಹಚ್ಚಿದರೇ? ಚಹಾ ಲೋಟಗಳು ಬೇರೆಯವರದ್ದೂ ಇರಬಹುದು. ನನ್ನ ತಪ್ಪನ್ನೇ ಮಾಡಿದ ಕನ್ನಡಿಗನೊಬ್ಬ ಬೇಕೇ, ನನ್ನ ತಪ್ಪನ್ನು ಹಂಚಿಕೊಂಡ ಕನ್ನಡಿಗನೊಬ್ಬ ಬೇಕೇ ಎಂದು ಯಾರಾದರೂ ಕೇಳಿದರೆ, ಒಂದೊಂದು ದಿನ ಒಂದೊಂದು ಉತ್ತರ ಕೊಡುತ್ತೇನೆ. ಸಹಿ ಮಾತ್ರ ಎರಡರಲ್ಲೂ ಬಿದ್ದಿರುತ್ತದೆ.

ಮುನಿರ್ಕಾಗೆ ನಡೆದೇ ಹೋದೆ. ವಾರದ ನಡುವೆ ನನ್ನ ಗಲ್ಲಿಯನ್ನು ಬೆಳಕಿರುವಾಗ ನೋಡಿ ಎಷ್ಟು ಕಾಲವಾಗಿತ್ತೋ. ಮನೆ ಮಾಲಕಿ ಬಾಗಿಲಲ್ಲಿ ಹಗ್ಗದ ಚಾರ್‌ಪಾಯಿ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದಳು.

“ಬೀಮಾರ್ ಹೈ ಕ್ಯಾ? ಇತನೀ ಜಲ್ದೀ?” ಹುಷಾರಿಲ್ಲವೇ, ಇಷ್ಟು ಬೇಗ ಬಂದೆ ಎಂದಳು.

“ನಹೀಂ ಆಂಟೀ. ಖತಮ್ ಹೋ ಗಯಾ.” ಮುಗಿಯಿತು ಎಂದೆ.

“ಹಾಯ್, ಕೌನ್ ಖತಮ್ ಹೋ ಗಯಾ?” ಯಾರು ತೀರಿಹೋದರು ಎಂದು ಎದೆಯ ಮೇಲೆ ಕೈಯಿಟ್ಟಳು.

“ಕೋಯೀ ನಹೀಂ, ಆಂಟೀ. ಪಢಾಯೀ. ಪಾಸ್ ಹೋ ಗಯೀ.” ಯಾರೂ ಅಲ್ಲ, ಮುಗಿದದ್ದು ಓದು.

“ಅಚ್ಛಾ, ಪಢಾಯೀ.” ಅವಳು ಎದೆಯ ಮೇಲಿಂದ ಕೈ ತೆಗೆದಳು. ಪಕ್ಕಕ್ಕೆ ಸರಿದು ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. “ಅಬ್ ತೋ ಖಾಲೀ ಹೈ. ಚಲ್, ಮಟರ್ ಛೀಲ್.” ಈಗಂತೂ ಬಿಡುವಾಗಿದ್ದೀ, ಬಟಾಣಿ ಬಿಡಿಸು ಎಂದು.

ಕೂತೆ. ಬಿಡಿಸಿದ್ದರಲ್ಲಿ ಅರ್ಧ ಬಾಯಿಗೆ ಹೋಯಿತು. ಅವಳು ನೋಡಿ, ಇನ್ನೊಂದು ಹಿಡಿ ನನ್ನ ಮುಂದೆ ಸುರಿದಳು. ಗಲ್ಲಿಯಲ್ಲಿ ಬೆಳಕು ಇನ್ನೂ ಇತ್ತು, ನನಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ.